ಜ್ವರವೋ ನಿದ್ದೆಯೋ: ಜಪಾನಿ ದುಭಾಷಿಯಾಗಲು ಹೊರಟವರಿಗೆ

ನನ್ನ ಸೋದರಮಾವನ ಹುಳು ಮನೆಗೆ ಜಪಾನಿನ ರೇಷ್ಮೆ ತಜ್ಞರೊಬ್ಬರು ಬಂದದ್ದು 1998ರಲ್ಲಿ. ಆಗ ನಾನು ಎಂಟನೆಯ ತರಗತಿಯಲ್ಲಿದ್ದೆ. ಊರು ರಾಮನಗರದಿಂದ ಒಳಗೆ, ಸುತ್ತ ಹಿಪ್ಪುನೇರಳೆ ತೋಟ. ಬಂದವರು ಬಾಗಿಲಲ್ಲೇ ಬೂಟು ಕಳಚಿದರು, ಬ್ಲೀಚಿಂಗ್ ಪೌಡರ್ ಕದಡಿದ ನೀರಿನಲ್ಲಿ ಕೈ ತೊಳೆದರು, ಆಮೇಲೆ ತಟ್ಟೆಗಳ ಹತ್ತಿರ ಬಂದರು. ಮಾವ ಸಂಭ್ರಮದಿಂದ "ಮೂರನೇ ಜ್ವರಕ್ಕೆ ಕೂತಿವೆ" ಎಂದರು. ಜೊತೆಯಲ್ಲಿದ್ದ ಯುವಕ ಅದನ್ನು ಇಂಗ್ಲಿಷಿಗೆ ತಿರುಗಿಸಿ, ಹುಳುಗಳಿಗೆ ಜ್ವರ ಬಂದಿದೆ ಎಂದ. ಇಂಗ್ಲಿಷ್ ಬಲ್ಲ ಇನ್ನೊಬ್ಬರು ಅದನ್ನು ಜಪಾನಿಗೆ ತಿರುಗಿಸಿದರು. ತಜ್ಞರ ಮುಖ ಕಪ್ಪಿಟ್ಟಿತು. ಯಾವ ರೋಗ, ಎಷ್ಟು ದಿನದಿಂದ, ಪಕ್ಕದ ಮನೆಯಲ್ಲೂ ಇದೆಯೇ ಎಂದು ಒಂದರ ಮೇಲೊಂದು ಪ್ರಶ್ನೆ. ಮಾವನಿಗೆ ದಿಕ್ಕು ತೋಚಲಿಲ್ಲ. ಕೊನೆಗೆ ಆ ತಜ್ಞರೇ ಬಗ್ಗಿ ತಟ್ಟೆ ನೋಡಿದರು. ಹುಳುಗಳು ಸೊಪ್ಪು ಮುಟ್ಟದೆ, ತಲೆ ಎತ್ತಿ, ಅಲುಗಾಡದೆ ಕೂತಿದ್ದವು. ಅವರಿಗೆ ಅರ್ಥವಾಯಿತು. ಅಂಗೈಯನ್ನು ಕೆನ್ನೆಗೆ ಆನಿಸಿ, ಕಣ್ಣು ಮುಚ್ಚಿ, "ಮಿನ್" ಎಂದು ನಕ್ಕರು.

ಹುಳು ಪೊರೆ ಬಿಡುವ ಮುಂಚೆ ತಿನ್ನುವುದನ್ನು ನಿಲ್ಲಿಸಿ ಕೂರುವ ಆ ಒಂದು ದಿನಕ್ಕೆ ನಾವು ಜ್ವರ ಎನ್ನುತ್ತೇವೆ, ಅವರು ನಿದ್ದೆ ಎನ್ನುತ್ತಾರೆ. ಎರಡೂ ಹುಳುವನ್ನು ಹತ್ತಿರದಿಂದ ನೋಡಿದವರ ಮಾತು. ನಡುವೆ ನಿಂತ ಮೂರನೆಯ ಭಾಷೆಗೆ ಹುಳುವೂ ಗೊತ್ತಿರಲಿಲ್ಲ, ಮನೆಯೂ ಗೊತ್ತಿರಲಿಲ್ಲ. ಬಿಡದಿ, ಹಾರೋಹಳ್ಳಿ, ನರಸಾಪುರ, ವಸಂತನರಸಾಪುರದ ಕಾರ್ಖಾನೆಗಳಲ್ಲಿ ಜಪಾನಿ ದುಭಾಷಿಯಾಗಲು ಹೊರಟ ಮಕ್ಕಳು ನನ್ನನ್ನು ಕೇಳಲು ಬಂದಾಗಲೆಲ್ಲ ಈ ಕತೆಯನ್ನೇ ಮೊದಲು ಹೇಳುತ್ತೇನೆ. ಇಪ್ಪತ್ತು ವರ್ಷದಿಂದ ನಾನು ಈ ಕೆಲಸ ಮಾಡುತ್ತಿದ್ದೇನೆ. ಕಲಿಸಲು ನನ್ನ ಹತ್ತಿರ ಇರುವ ಮುಖ್ಯ ಪಾಠ ಒಂದೇ: ಕನ್ನಡದಿಂದ ನೇರ ಜಪಾನಿಗೆ ಹೋಗಿ. ಇಂಗ್ಲಿಷ್ ದಾರಿಯಾಗಿ ಸುತ್ತಿ ಹೋಗಬೇಡಿ.

ಭಾಷೆ ಕಲಿಯುವುದು

ಬೆಂಗಳೂರಿನ ತರಗತಿಗಳಲ್ಲಿ ಜಪಾನಿಯನ್ನು ಇಂಗ್ಲಿಷ್ ಮೂಲಕವೇ ಕಲಿಸುತ್ತಾರೆ. ಕ್ರಿಯಾಪದ ಕೊನೆಯಲ್ಲಿ ಬರುತ್ತದೆ, ವಿಭಕ್ತಿ ಪದದ ಹಿಂದೆ ಅಂಟುತ್ತದೆ ಎಂಬುದನ್ನು ಅಲ್ಲಿ ದೊಡ್ಡ ವಿಚಿತ್ರದಂತೆ ವಿವರಿಸುತ್ತಾರೆ. ಕನ್ನಡದವರಿಗೆ ಅದರಲ್ಲಿ ವಿಚಿತ್ರವೇನೂ ಇಲ್ಲ. ತರಗತಿಗೆ ಹೋಗಿ, ಆದರೆ ಟಿಪ್ಪಣಿ ಪುಸ್ತಕವನ್ನು ಕನ್ನಡದಲ್ಲಿ ಬರೆಯಿರಿ. "ಟೋಕಿಯೋ ನಿ" ಎಂದರೆ ಟೋಕಿಯೋಗೆ. "ಟೋಕಿಯೋ ಕರಾ" ಎಂದರೆ ಟೋಕಿಯೋದಿಂದ. "ವತಾಶಿ ಮೊ" ಎಂದರೆ ನಾನೂ. "ದರೆ ಕ" ಎಂದರೆ ಯಾರೋ. "ದರೆ ಮೊ ಇನಾಯ್" ಎಂದರೆ ಯಾರೂ ಇಲ್ಲ. ಆ "ಓ" ಮತ್ತು "ಊ" ನಮ್ಮಲ್ಲಿ ಮಾಡುವ ಕೆಲಸವನ್ನೇ ಅಲ್ಲಿ "ಕ" ಮತ್ತು "ಮೊ" ಮಾಡುತ್ತವೆ. ಇದನ್ನು ಇಂಗ್ಲಿಷಿನಲ್ಲಿ ವಿವರಿಸಲು ಒಂದು ಪುಟ ಬೇಕು.

ಕ್ರಿಯಾಪದಗಳ ಜೋಡಿಯಲ್ಲಂತೂ ಸಂತೋಷ ತಡೆಯಲಾಗುವುದಿಲ್ಲ. ತಿಂದು ನೋಡು ಎನ್ನುವಾಗ ನಾವು ಕಣ್ಣಿನಿಂದ ನೋಡು ಎನ್ನುತ್ತಿಲ್ಲ, ರುಚಿ ನೋಡು ಎನ್ನುತ್ತಿದ್ದೇವೆ. ಅವರೂ "ತಬೆತೆ ಮಿರು" ಎನ್ನುತ್ತಾರೆ, ತಿಂದು ನೋಡು. ಮಾಡಿಡು ಎನ್ನುವುದಕ್ಕೆ "ಶಿತೆ ಒಕು". ಮಾಡಿಬಿಟ್ಟೆ ಎನ್ನುವುದಕ್ಕೆ "ಶಿತೆ ಶಿಮತ್ತ", ಅದರೊಳಗಿನ ಪಶ್ಚಾತ್ತಾಪದ ಸಮೇತ. ಮನೆ ಬಿಟ್ಟು ಹೊರಡುವಾಗ ನಮ್ಮಲ್ಲಿ ಹೋಗುತ್ತೇನೆ ಎಂದರೆ ಅಜ್ಜಿ ಗದರುತ್ತಾರೆ, ಹೋಗಿ ಬರುತ್ತೇನೆ ಎನ್ನಬೇಕು. ಜಪಾನಿನ ಮನೆಯಲ್ಲಿ ಹೊರಡುವವರು ಹೇಳುವ ಮಾತು "ಇತ್ತೆ ಕಿಮಾಸು". ಒಂದೊಂದೇ ಪದ ಬಿಡಿಸಿ ನೋಡಿ: ಹೋಗಿ, ಬರುತ್ತೇನೆ. ಇದನ್ನು ಮೊದಲ ಸಲ ಕೇಳಿದ ಸಂಜೆ ತರಗತಿಯಿಂದ ಮೆಜೆಸ್ಟಿಕ್‌ವರೆಗೆ ಬಸ್ಸಿನಲ್ಲಿ ಅದನ್ನೇ ಹೇಳಿಕೊಳ್ಳುತ್ತಾ ಹೋಗಿದ್ದೆ.

ಉಚ್ಚಾರದಲ್ಲೂ ನಮಗೆ ಅನುಕೂಲವಿದೆ. ಹ್ರಸ್ವ, ದೀರ್ಘ, ಒತ್ತಕ್ಷರ ಮೂರನ್ನೂ ಜಪಾನಿ ಕಟ್ಟುನಿಟ್ಟಾಗಿ ಕೇಳುತ್ತದೆ. "ಒಬಸಾನ್" ಎಂದರೆ ಅತ್ತೆ ಅಥವಾ ಚಿಕ್ಕಮ್ಮ, "ಒಬಾಸಾನ್" ಎಂದರೆ ಅಜ್ಜಿ. "ಕಿತೆ" ಎಂದರೆ ಬಂದು, "ಕಿತ್ತೆ" ಎಂದರೆ ಅಂಚೆಚೀಟಿ. ಕತೆಗೂ ಕತ್ತೆಗೂ ಎಷ್ಟು ದೂರವೆಂದು ಮೂರನೆಯ ವಯಸ್ಸಿಗೇ ತಿಳಿದವರು ನಾವು. ಆದ್ದರಿಂದ ಜಪಾನಿ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳುವ ಅಭ್ಯಾಸವನ್ನು ಮೊದಲ ವಾರವೇ ಬಿಡಿ. ಜಪಾನಿಯ ಮೂಲಾಕ್ಷರಗಳಾದ ಹಿರಗನ ಬರುವತನಕ ಕನ್ನಡ ಲಿಪಿಯಲ್ಲಿ ಬರೆಯಿರಿ. ಹಿರಗನದ ವರಸೆಯೂ ಮನೆಯದೇ ಎನಿಸುತ್ತದೆ: ಅ ಇ ಉ ಎ ಒ, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಸಂಸ್ಕೃತದ ಸಿದ್ಧಂ ಲಿಪಿಯನ್ನು ಓದುತ್ತಿದ್ದ ಬೌದ್ಧ ಭಿಕ್ಷುಗಳ ಮೂಲಕ ನಮ್ಮ ವರ್ಣಮಾಲೆಯ ಕ್ರಮ ಅಲ್ಲಿಗೆ ಹೋಯಿತು. ನಡುವೆ "ಪ" ಇರಬೇಕಾದ ಜಾಗದಲ್ಲಿ "ಹ" ಏಕಿದೆ ಎಂದು ಕೇಳುವವರಿಗೆ ಉತ್ತರ ಹಳಗನ್ನಡದಲ್ಲಿದೆ. ಅವರ ಹಕಾರವೂ ಹಿಂದೆ ಪಕಾರವಾಗಿತ್ತು. ನಮ್ಮ ಪೂ ಹೂವಾಯಿತು. ಅವರ "ಪನ" ಈಗ "ಹನ", ಅದರ ಅರ್ಥವೂ ಹೂವೇ.

ಚೀನಾದಿಂದ ಬಂದ, ಒಂದೊಂದಕ್ಕೂ ಅರ್ಥವಿರುವ ಕಾಂಜಿ ಅಕ್ಷರಗಳಿಗೆ ಮಾತ್ರ ಒಳದಾರಿಯಿಲ್ಲ. ಸರ್ಕಾರ ಗೊತ್ತುಪಡಿಸಿದ ನಿತ್ಯಬಳಕೆಯ ಅಕ್ಷರಗಳೇ 2,136. ನಿಮಗೆ ಬೇಕಾದ ಮೂಲೆಯಿಂದ ಶುರು ಮಾಡಿ. ಕಾರ್ಖಾನೆಗೆ ಹೋಗುವವರು ಗೋಡೆಯ ಫಲಕಗಳಿಂದ ಶುರು ಮಾಡಬೇಕು: ಸುರಕ್ಷತೆ, ಗುಣಮಟ್ಟ, ದೋಷ, ತಪಾಸಣೆ, ನಿಲ್ಲಿಸು. ನಾನು ಶುರು ಮಾಡಿದ್ದು ಗೂಡಿನಿಂದ. ನಮ್ಮಪ್ಪ ನೂಲು ಬಿಚ್ಚುವವರು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಬೆಳಿಗ್ಗೆ ಹರಾಜು ಕೂಗಿ, ಮಧ್ಯಾಹ್ನ ಬಿಸಿನೀರಿನಲ್ಲಿ ಗೂಡು ಬೇಯಿಸಿ, ಎಳೆ ಹಿಡಿಯುತ್ತಿದ್ದರು. ಗೂಡು ಎಂಬ ಅರ್ಥದ "ಮಯು" ಅಕ್ಷರವನ್ನು ಬಿಡಿಸಿದರೆ ಮೇಲೆ ಗಿಡದ ಗುರುತು, ಕೆಳಗೆ ಒಂದು ಆವರಣ, ಅದರೊಳಗೆ ಒಂದು ಕಡೆ ದಾರ, ಇನ್ನೊಂದು ಕಡೆ ಹುಳು. ಅಪ್ಪನಿಗೆ ಬರೆದು ತೋರಿಸಿದೆ. ಕನ್ನಡ ಬಿಟ್ಟು ಬೇರೆ ಓದದ ಮನುಷ್ಯ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಸರಿಯಾಗಿದೆ" ಎಂದರು.

ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯ (ಜೆಎಲ್‌ಪಿಟಿ) ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಜೆಎಲ್‌ಪಿಟಿಯಲ್ಲಿ ಎನ್5ರಿಂದ ಎನ್1ರವರೆಗೆ ಐದು ಹಂತ, ಎನ್1 ಎಲ್ಲಕ್ಕಿಂತ ಕಠಿಣ. ಜುಲೈ ಮತ್ತು ಡಿಸೆಂಬರಿನಲ್ಲಿ ನಡೆಯುತ್ತದೆ, ಬೆಂಗಳೂರಿನಲ್ಲೂ ಬರೆಯಬಹುದು. ಕಾರ್ಖಾನೆಯವರು ಎನ್3 ಇದ್ದರೆ ಮಾತಿಗೆ ಕೂರಿಸುತ್ತಾರೆ, ಎನ್2 ಇದ್ದರೆ ಕೆಲಸ ಕೊಡುತ್ತಾರೆ. ಆದರೆ ಆ ಪರೀಕ್ಷೆಯಲ್ಲಿ ಬಾಯಿ ತೆರೆದು ಮಾತನಾಡುವ ಭಾಗವೇ ಇಲ್ಲ. ಎನ್2 ಪತ್ರ ಹಿಡಿದು ಬಂದು ಮೊದಲ ಸಭೆಯಲ್ಲಿ ಮೂಕರಾದವರನ್ನು ಕಂಡಿದ್ದೇನೆ. ದಿನಕ್ಕೆ ಅರ್ಧ ಗಂಟೆ ಜೋರಾಗಿ ಮಾತನಾಡಿ. ಅಡುಗೆ ಮಾಡುತ್ತಾ ಮಾಡುವುದನ್ನೇ ಜಪಾನಿಯಲ್ಲಿ ಹೇಳಿ. ನನ್ನ ಬಾಯಿ ಬಿಟ್ಟದ್ದು ಹಾಗೆಯೇ.

ಎಲ್ಲಿ ಎಡವುತ್ತೇವೆ

ಇಷ್ಟು ಹತ್ತಿರವಿದೆ ಎಂದು ಮೈಮರೆತರೆ ಪೆಟ್ಟು ಬೀಳುವ ಜಾಗಗಳು ಎರಡಿವೆ.

ಒಂದು, ಗೌರವ. ಬಹುವಚನ ಹಾಕಿ ಮಾತನಾಡುವುದು ನಮಗೆ ಹೊಸದಲ್ಲ. ಆದರೆ ನಮ್ಮ ಗೌರವ ಮನುಷ್ಯನಿಗೆ ಅಂಟಿಕೊಂಡಿರುತ್ತದೆ. ನಮ್ಮ ಸಾಹೇಬರು ಮನೆಯಲ್ಲೂ ಸಾಹೇಬರು, ಬೇರೆಯವರ ಎದುರೂ ಸಾಹೇಬರು. ಜಪಾನಿಯಲ್ಲಿ ಹೊರಗಿನವರ ಮುಂದೆ ನಮ್ಮ ಕಡೆಯವರನ್ನು ತಗ್ಗಿಸಿ ಹೇಳಬೇಕು, ಅವರು ಎಷ್ಟೇ ದೊಡ್ಡವರಿರಲಿ. ನಿಮ್ಮ ಕಂಪನಿಯ ಮುಖ್ಯಸ್ಥರ ಹೆಸರು ತನಾಕಾ ಎಂದಿಟ್ಟುಕೊಳ್ಳಿ. ಒಳಗೆ ಅವರು ತನಾಕಾ ಸಾನ್. ಗ್ರಾಹಕರ ಮುಂದೆ ಬರಿಯ ತನಾಕಾ, ಕ್ರಿಯಾಪದವೂ ವಿನಯದ್ದು. ಮೊದಲ ವರ್ಷ ನನ್ನ ನಾಲಿಗೆ ಇದಕ್ಕೆ ಒಪ್ಪಲಿಲ್ಲ, ಹಿರಿಯರನ್ನು ಏಕವಚನದಲ್ಲಿ ಕರೆದಂತೆ ಮೈ ಜುಮ್ಮೆನ್ನುತ್ತಿತ್ತು. ನಿಮಗೂ ಹಾಗಾಗುತ್ತದೆ. ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿ.

ಎರಡು, ಕರ್ತೃ. ಬಂದನು, ಬಂದಳು, ಬಂದರು, ಬಂತು ಎಂದು ಕನ್ನಡದ ಕ್ರಿಯಾಪದ ಎಲ್ಲವನ್ನೂ ಹೇಳಿಬಿಡುತ್ತದೆ. "ಕಿಮಾಶಿತ" ಏನನ್ನೂ ಹೇಳುವುದಿಲ್ಲ. ಬಂದದ್ದು ವ್ಯವಸ್ಥಾಪಕರೋ, ಕಂಟೇನರೋ ಮಾತಿನ ಹಿಂದುಮುಂದು ನೋಡಿ ತಿಳಿಯಬೇಕು. ತಿಳಿಯದಿದ್ದರೆ ಊಹಿಸಬೇಡಿ, ಕೇಳಿ. ನಿಲ್ಲಿಸಿ ಕೇಳುವ ದುಭಾಷಿಯ ಮೇಲೆ ಜಪಾನಿನವರಿಗೆ ನಂಬಿಕೆ ಹೆಚ್ಚು.

ಅಂಕಿಗಳು

ಈ ಕಸುಬಿನಲ್ಲಿ ಹಣ ಕಳೆಯುವುದು ಇಲ್ಲಿಯೇ, ಆದ್ದರಿಂದ ನಿಧಾನವಾಗಿ ಓದಿ. ಜಪಾನಿನವರು ಎಣಿಸುವುದು ಹತ್ತು ಸಾವಿರದ ಗುಂಪಿನಲ್ಲಿ. ಹತ್ತು ಸಾವಿರಕ್ಕೆ "ಮಾನ್". ಹತ್ತು ಸಾವಿರ ಮಾನ್‌ಗೆ ಒಂದು "ಒಕು", ಅಂದರೆ ನಮ್ಮ ಹತ್ತು ಕೋಟಿ. ಹತ್ತು ಸಾವಿರ ಒಕುವಿಗೆ ಒಂದು "ಚೋ", ಅಂದರೆ ನಮ್ಮ ಒಂದು ಲಕ್ಷ ಕೋಟಿ. ಒಂದು ಲಕ್ಷ ಎಂದರೆ ಹತ್ತು ಮಾನ್. ಒಂದು ಕೋಟಿ ಎಂದರೆ ಸಾವಿರ ಮಾನ್. ಈ ಐದು ಸಾಲನ್ನು ಅಂಗೈ ಅಗಲದ ಚೀಟಿಯಲ್ಲಿ ಬರೆದು ಗುರುತಿನ ಚೀಟಿಯ ಹಿಂದೆ ಇಟ್ಟುಕೊಳ್ಳಿ. ನನ್ನದು ಇವತ್ತಿಗೂ ಅಲ್ಲೇ ಇದೆ.

ಇಲ್ಲಿ ಮಿಲಿಯನ್, ಬಿಲಿಯನ್‌ಗೆ ಹೋದವರು ಎರಡು ಸಲ ಬದಲಿಸಿ ಒಂದು ಸೊನ್ನೆ ಕಳೆದುಕೊಳ್ಳುತ್ತಾರೆ. ಲಕ್ಷ ಕೋಟಿ ಮತ್ತು ಚೋ ಒಂದೇ ತೂಕ, ನೇರ ದಾಟಿಸಿ. 2022ರ ಮಾರ್ಚಿನಲ್ಲಿ ಜಪಾನಿನ ಆಗಿನ ಪ್ರಧಾನಿ ಕಿಶಿದಾ ದೆಹಲಿಗೆ ಬಂದಾಗ ಐದು ವರ್ಷದಲ್ಲಿ ಐದು ಚೋ ಯೆನ್‌ನಷ್ಟು ಹೂಡಿಕೆ ಮತ್ತು ಸಾಲದ ಗುರಿಯನ್ನು ಎರಡೂ ದೇಶ ಹೇಳಿದವು. ಕನ್ನಡದಲ್ಲಿ ಅದು ಐದು ಲಕ್ಷ ಕೋಟಿ ಯೆನ್, ಬೆರಳು ಮಡಿಸುವ ಅಗತ್ಯವೂ ಇಲ್ಲ. ಯೆನ್ ಮತ್ತು ರೂಪಾಯಿಯನ್ನು ಮಾತ್ರ ಪ್ರತಿ ಸಲವೂ ಬಾಯಿಬಿಟ್ಟು ಹೇಳಿ. ಹೇಳಿದ ಅಂಕಿಯನ್ನು ಕಾಗದದ ಮೇಲೆ ಬರೆದು ಇಬ್ಬರಿಗೂ ತೋರಿಸಿ. ಇದರಲ್ಲಿ ಸಂಕೋಚ ಬೇಡ.

ಕೋಣೆಯೊಳಗೆ

ಕುರ್ಚಿಯಿಂದ ಶುರು. ಬಾಗಿಲಿನಿಂದ ದೂರದ ಜಾಗ ಅತಿಥಿಯದು. ನೀವು ನಿಮ್ಮ ಕಡೆಯ ಮುಖ್ಯಸ್ಥರ ಪಕ್ಕ, ಅರ್ಧ ಮೊಳ ಹಿಂದೆ. ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ, ಅಕ್ಷರ ಅವರಿಗೆ ಕಾಣುವ ಹಾಗೆ ಕೊಡಿ. ಬಂದ ಕಾರ್ಡನ್ನು ಓದಿ, ಹೆಸರನ್ನು ಒಮ್ಮೆ ಉಚ್ಚರಿಸಿ ಸರಿಯೇ ಎಂದು ಕೇಳಿ, ಅವರು ಕೂತ ಕ್ರಮದಲ್ಲೇ ಮೇಜಿನ ಮೇಲೆ ಜೋಡಿಸಿ. ಅದರ ಮೇಲೆ ಬರೆಯಬಾರದು, ಪ್ಯಾಂಟಿನ ಹಿಂಜೇಬಿಗೆ ಹಾಕಬಾರದು. ನಮ್ಮವರಿಗೆ ಇದನ್ನು ಸಭೆಯ ಹಿಂದಿನ ದಿನವೇ ಹೇಳಿಡಿ. ಹಾಗೆಯೇ ತಲೆಯಾಡಿಸುವ ವಿಷಯ. ನಾವು ಹೌದು ಎನ್ನಲು ತಲೆಯನ್ನು ಅಡ್ಡಡ್ಡ ತೂಗುತ್ತೇವೆ. ಎದುರಿನವರ ಕಣ್ಣಿಗೆ ಅದು ಇಲ್ಲ ಎಂಬಂತೆ ಕಾಣುತ್ತದೆ. ಇದನ್ನು ಅತಿಥಿಗಳಿಗೆ ಮೊದಲ ಚಹಾದ ಹೊತ್ತಿಗೇ ತಿಳಿಸಿಬಿಡಿ, ನೆಮ್ಮದಿಯಾಗುತ್ತಾರೆ.

ಅವರ "ಹಾಯ್" ಹೌದು ಎಂದಲ್ಲ. ಅಜ್ಜಿ ಕತೆ ಹೇಳುವಾಗ ಮಕ್ಕಳು ಹೂಂಗುಟ್ಟುತ್ತಾರಲ್ಲ, ಅದು. ಕೇಳುತ್ತಿದ್ದೇನೆ, ಮುಂದುವರಿಸಿ ಎಂದು. ಹೂಂಗುಟ್ಟಿದ್ದಕ್ಕೆ ಕತೆಯನ್ನು ಒಪ್ಪಿಕೊಂಡಂತಾಗುವುದಿಲ್ಲ.

ಇನ್ನು ಬೇಡ ಎನ್ನುವ ಬಗೆ. ಈ ಪಾಠವನ್ನು ನಾನು ಬೇರೆಯವರ ನಷ್ಟದಲ್ಲಿ ಕಲಿತೆ, ಅದು ಇವತ್ತಿಗೂ ನನ್ನನ್ನು ಕಾಡುತ್ತದೆ. 2006ರಲ್ಲಿ ಬಿಡಿಭಾಗ ಒತ್ತುವ ಸಣ್ಣ ಪ್ರೆಸ್ ಶಾಪಿನ ಮಾಲೀಕರೊಬ್ಬರು, ಉಕ್ಕಿನ ಬೆಲೆ ಏರಿದೆ, ಒಂದು ಬ್ರಾಕೆಟ್ಟಿಗೆ ಎರಡು ರೂಪಾಯಿ ಹೆಚ್ಚು ಕೊಡಿ ಎಂದು ಕೇಳಿಕೊಂಡರು. ಖರೀದಿ ವಿಭಾಗದ ಜಪಾನಿ ಅಧಿಕಾರಿ ತಲೆಯನ್ನು ಒಂದು ಕಡೆ ವಾಲಿಸಿ, ಹಲ್ಲಿನ ಸಂದಿಯಲ್ಲಿ ಸ್ಸ್ ಎಂದು ಉಸಿರೆಳೆದು, "ಸೋ ದೆಸು ನೇ, ಚೊತ್ತೊ" ಎಂದು ನಿಲ್ಲಿಸಿದರು. ಪದಕ್ಕೆ ಪದ ಇಟ್ಟರೆ, ಹೌದಲ್ಲವೇ, ಸ್ವಲ್ಪ. ನಾನು ಸ್ವಲ್ಪ ಕಷ್ಟ ಎನ್ನುತ್ತಿದ್ದಾರೆ ಎಂದೆ. ಸ್ವಲ್ಪ ಕಷ್ಟ ಎಂದರೆ ಸ್ವಲ್ಪ ಜಗ್ಗಿದರೆ ಆಗುತ್ತದೆ ಎಂದು ಮಾಲೀಕರು ತಿಳಿದರು. ಹೊಸ ಬೆಲೆ ಬರುತ್ತದೆಂದು ನಂಬಿ ಮೂರು ತಿಂಗಳಿಗಾಗುವಷ್ಟು ಉಕ್ಕು ತರಿಸಿದರು. ಬೆಲೆ ಬದಲಾಗಲಿಲ್ಲ. ಆ ಅಧಿಕಾರಿಯ ಪ್ರಕಾರ ಅವರು ಅಂದೇ ಸ್ಪಷ್ಟವಾಗಿ ಆಗುವುದಿಲ್ಲ ಎಂದು ಹೇಳಿದ್ದರು. ಅದು ನಿಜ. ಹೇಳಿದ್ದರು, ನಾನು ದಾಟಿಸಲಿಲ್ಲ.

ಹೆಣ್ಣು ನೋಡಲು ಬಂದವರು ಊರಿಗೆ ಹೋಗಿ ತಿಳಿಸುತ್ತೇವೆ ಎಂದರೆ ನಮಗೆ ಅರ್ಥವಾಗುತ್ತದೆ. ಸಾಲ ಕೇಳಿದಾಗ ನೋಡೋಣ ಎಂದರೆ ಅರ್ಥವಾಗುತ್ತದೆ. "ಕೆಂತೋ ಶಿಮಾಸು", ಅಂದರೆ ಪರಿಶೀಲಿಸುತ್ತೇವೆ ಎಂಬುದು ಬಹಳ ಸಲ ಆ ನೋಡೋಣವೇ. ಅವತ್ತು ನಾನು ಕನ್ನಡದ ಕಿವಿಯಿಂದ ಕೇಳಿದ್ದರೆ ತಿಳಿಯುತ್ತಿತ್ತು, ನಿಘಂಟಿನ ಪದ ಹುಡುಕುತ್ತಾ ಕೂತೆ. ಈಗ ಹೀಗೆ ಮಾಡುತ್ತೇನೆ: ಮಾತನ್ನು ಮೊದಲು ಹೇಳಿದಂತೆಯೇ ದಾಟಿಸುತ್ತೇನೆ. ಆಮೇಲೆ ನಮ್ಮವರ ಅನುಮತಿ ಪಡೆದು ಅತಿಥಿಯನ್ನು ಕೇಳುತ್ತೇನೆ, ಈ ಬಾರಿಗೆ ಇದು ಬೇಡ ಎಂದು ತಿಳಿದುಕೊಳ್ಳಬಹುದೇ ಎಂದು. ಅವರೂ ನಿಟ್ಟುಸಿರು ಬಿಡುತ್ತಾರೆ, ಏಕೆಂದರೆ ಬೇಡ ಎಂಬ ಪದವನ್ನು ತಾವೇ ಆಡುವ ಕಷ್ಟ ತಪ್ಪುತ್ತದೆ.

ನಮ್ಮ ಕಡೆಯ ತಪ್ಪೂ ಅಷ್ಟೇ ದೊಡ್ಡದು. ಆಗುತ್ತದೆ ಸರ್, ಮಾಡೋಣ ಸರ್ ಎಂದು ಮಾತು ಕೊಡುವ ಉತ್ಸಾಹವನ್ನು ಜಪಾನಿನವರು ದಿನಾಂಕ ಸಮೇತ ಬರೆದುಕೊಳ್ಳುತ್ತಾರೆ. 20ನೇ ತಾರೀಖಿಗೆ ಕೊಡಲಾಗದಿದ್ದರೆ 12ಕ್ಕೇ ಹೇಳಿಸಿ. ಅಲ್ಲಿ ಇದಕ್ಕೆ "ಹೋರೆನ್ಸೋ" ಎನ್ನುತ್ತಾರೆ: ವರದಿ ಮಾಡು, ತಿಳಿಸು, ಸಲಹೆ ಕೇಳು, ಈ ಮೂರು ಪದಗಳ ಮೊದಲ ಅಕ್ಷರ ಸೇರಿಸಿ ಮಾಡಿದ ಮಾತು. ಕೇಳಲು ಪಾಲಕ್ ಸೊಪ್ಪಿನ ಹೆಸರೂ ಅದೇ, ಆದ್ದರಿಂದ ಮರೆಯುವುದಿಲ್ಲ.

ತೀರ್ಮಾನಗಳು ಸಭೆಯಲ್ಲಿ ಆಗುವುದಿಲ್ಲ ಎಂಬುದನ್ನೂ ನಮ್ಮವರಿಗೆ ತಿಳಿಸಿ. ಮರವನ್ನು ಕಿತ್ತು ಬೇರೆಡೆ ನೆಡುವ ಮುಂಚೆ ಅದರ ಬೇರಿನ ಸುತ್ತ ತಿಂಗಳುಗಟ್ಟಲೆ ಬಿಡಿಸಿ ಹದ ಮಾಡುತ್ತಾರೆ, ಅದಕ್ಕೆ "ನೆಮವಾಶಿ" ಎಂದು ಹೆಸರು. ಕಚೇರಿಯಲ್ಲೂ ಅದೇ ಪದ. ಒಬ್ಬೊಬ್ಬರನ್ನೂ ಮೊದಲೇ ಕಂಡು, ವಿಷಯ ತಿಳಿಸಿ, ಆಕ್ಷೇಪ ಕೇಳಿ ಬಂದ ಮೇಲೆ ಸಭೆ. ತೋಟ ಮಾಡಿದ ನಮ್ಮ ಕಡೆಯವರಿಗೆ ಬೇರಿನ ಮಾತು ಹೇಳಿದರೆ ಅರ್ಧ ನಿಮಿಷದಲ್ಲಿ ತಿಳಿಯುತ್ತದೆ.

ಸಂಜೆಯ ಊಟಕ್ಕೆ ಬೇಕಾದ ಚರಿತ್ರೆ

ಹಗಲಿನ ಸಭೆಗಿಂತ ರಾತ್ರಿಯ ಊಟದ ಭಾಷಣಗಳು ಕಷ್ಟ. ಎರಡೂ ಕಡೆಯ ಹಿರಿಯರು ಎರಡು ದೇಶಗಳ ಸ್ನೇಹದ ಬಗ್ಗೆ ಮಾತನಾಡುತ್ತಾರೆ, ಯಾವ ಹೆಸರು ಯಾವಾಗ ಬೀಳುತ್ತದೋ ಗೊತ್ತಿಲ್ಲ. ಹೆಸರನ್ನು ಮೊದಲ ಸಲ ಕೇಳುವ ದುಭಾಷಿ ಅಲ್ಲೇ ತೊದಲುತ್ತಾರೆ. ಆದ್ದರಿಂದ ಇವನ್ನು ಎರಡೂ ಭಾಷೆಯಲ್ಲಿ ಬಾಯಿಪಾಠ ಮಾಡಿ.

ಎಲ್ಲಕ್ಕಿಂತ ಮೊದಲು ಇಂದಿರಾ ಎಂಬ ಆನೆ. ಯುದ್ಧದ ಸಮಯದಲ್ಲಿ, 1943ರಲ್ಲಿ, ಟೋಕಿಯೋದ ಉಎನೋ ಮೃಗಾಲಯದ ಮೂರು ಆನೆಗಳನ್ನು ಆಡಳಿತದ ಆದೇಶದಂತೆ ಉಪವಾಸ ಕೆಡವಿ ಸಾಯಿಸಲಾಯಿತು. ಬಾಂಬು ಬಿದ್ದು ತಪ್ಪಿಸಿಕೊಂಡಾವು ಎಂಬ ಭಯ. ಯುದ್ಧ ಮುಗಿದ ಮೇಲೆ ಟೋಕಿಯೋದ ಮಕ್ಕಳು ನಮಗೊಂದು ಆನೆ ಕೊಡಿ ಎಂದು ನೆಹರೂ ಅವರಿಗೆ ನೂರಾರು ಪತ್ರ ಬರೆದರು. ನೆಹರೂ ಕಳಿಸಿದ ಆನೆ ನಮ್ಮ ಮೈಸೂರು ಸೀಮೆಯದು. ಮಗಳ ಹೆಸರನ್ನೇ ಇಟ್ಟು, ಇದು ಭಾರತದ ಮಕ್ಕಳು ಜಪಾನಿನ ಮಕ್ಕಳಿಗೆ ಕೊಡುತ್ತಿರುವ ಕಾಣಿಕೆ ಎಂದು ಬರೆದು ಕಳಿಸಿದರು. 1949ರ ಸೆಪ್ಟೆಂಬರಿನಲ್ಲಿ ಅದು ಟೋಕಿಯೋ ತಲುಪಿತು. ಅದಕ್ಕೆ ತಿಳಿಯುತ್ತಿದ್ದದ್ದು ಕನ್ನಡ ಮಾತ್ರ. ಜೊತೆಗೆ ಹೋದ ಮಾವುತರು ಅಲ್ಲಿಯೇ ಉಳಿದು ಜಪಾನಿ ಪಾಲಕರಿಗೆ ಆನೆಯ ಮಾತುಗಳನ್ನು ಕಲಿಸಿಕೊಟ್ಟು ಬಂದರು. ಅವರಿಗೆ ಜಪಾನಿ ಬರುತ್ತಿರಲಿಲ್ಲ, ನಡುವೆ ಆನೆ ನಿಂತಿತ್ತು. ಕನ್ನಡ ಮತ್ತು ಜಪಾನಿಯ ನಡುವಿನ ದುಭಾಷಿಗಳಲ್ಲಿ ನಾನು ಹಿರಿಯರೆಂದು ನೆನೆಯುವುದು ಆ ಮಾವುತರನ್ನು. 1957ರಲ್ಲಿ ನೆಹರೂ ಜಪಾನಿಗೆ ಹೋದಾಗ ಮಗಳ ಜೊತೆ ಹೋಗಿ ಆನೆಯನ್ನು ನೋಡಿ ಬಂದರು. ಇಂದಿರಾ 1983ರವರೆಗೆ ಬದುಕಿತ್ತು. ಅರವತ್ತು ದಾಟಿದ ಟೋಕಿಯೋದ ಅತಿಥಿಗೆ ಈ ಆನೆ ನಮ್ಮೂರಿನ ಕಡೆಯದು ಎಂದು ಹೇಳಿ ನೋಡಿ. ಒಬ್ಬರು ನನ್ನೆದುರು ಚಾಪ್‌ಸ್ಟಿಕ್ ಕೆಳಗಿಟ್ಟು, ಬಾಲ್ಯದಲ್ಲಿ ಅದರ ಬೆನ್ನಿನ ಕೂದಲು ನೋಡಿದ್ದನ್ನು ಹೇಳುತ್ತಾ ಹೇಳುತ್ತಾ ಸುಮ್ಮನಾದರು. ಆ ಮೌನವನ್ನು ನಾನು ಅನುವಾದಿಸಲು ಹೋಗಲಿಲ್ಲ.

ಉಳಿದವನ್ನು ಚಿಕ್ಕದಾಗಿ ಹೇಳುತ್ತೇನೆ. ಕ್ರಿ.ಶ. 752ರಲ್ಲಿ ನಾರಾದ ತೋದೈಜಿಯ ಮಹಾಬುದ್ಧನ ಕಣ್ಣು ತೆರೆಸಿದ ಭಿಕ್ಷು ಭಾರತದ ಬೋಧಿಸೇನ. ಅವರ ಬೆನ್‌ಜಾಯ್‌ತೆನ್ ನಮ್ಮ ಸರಸ್ವತಿ, ಕೈಯಲ್ಲಿ ತಂತಿವಾದ್ಯ ಹಾಗೆಯೇ ಇದೆ. ಕಿಚಿಜೋತೆನ್ ಎಂದರೆ ಲಕ್ಷ್ಮಿ. ಎರಡನೇ ಮಹಾಯುದ್ಧದ ನಂತರ ಟೋಕಿಯೋದಲ್ಲಿ ನಡೆದ ಯುದ್ಧಾಪರಾಧ ವಿಚಾರಣೆಯಲ್ಲಿ ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ರಾಧಾಬಿನೋದ್ ಪಾಲ್ ಅವರ ಹೆಸರು ಹಿರಿಯರ ಬಾಯಲ್ಲಿ ಬರುತ್ತದೆ. ಅದು ಅಲ್ಲಿ ಇನ್ನೂ ಹಸಿ ವಿಷಯ. ಹೇಳಿದಷ್ಟನ್ನೇ ದಾಟಿಸಿ, ನಿಮ್ಮದನ್ನು ಸೇರಿಸಬೇಡಿ. ಜಪಾನಿನ ಜೊತೆ ಶಾಂತಿ ಒಪ್ಪಂದಕ್ಕಾಗಿ ಸೇರಿದ 1951ರ ಸ್ಯಾನ್ ಫ್ರಾನ್ಸಿಸ್ಕೋ ಸಮ್ಮೇಳನಕ್ಕೆ ಭಾರತ ಹೋಗಲಿಲ್ಲ. 1952ರ ಏಪ್ರಿಲ್ 28ರಂದು ರಾಜತಾಂತ್ರಿಕ ಸಂಬಂಧ ಶುರುವಾಯಿತು, ಜೂನ್ 9ರಂದು ಪ್ರತ್ಯೇಕ ಶಾಂತಿ ಒಪ್ಪಂದಕ್ಕೆ ಸಹಿಯಾಯಿತು, ಯುದ್ಧ ಪರಿಹಾರ ಕೇಳುವ ಹಕ್ಕನ್ನು ಭಾರತ ಬಿಟ್ಟುಕೊಟ್ಟಿತು. ಜಪಾನ್ ಯೆನ್ ಸಾಲ ಕೊಡಲು ತೊಡಗಿದಾಗ, 1958ರಲ್ಲಿ, ಮೊದಲ ಸಾಲ ಪಡೆದ ದೇಶ ಭಾರತ. ಬೆಂಗಳೂರಿನ ನಮ್ಮ ಮೆಟ್ರೋದ ಮೊದಲ ಹಂತಕ್ಕೂ ಅಂಥ ಸಾಲ ಬಂತು. 2011ರ ಆಗಸ್ಟ್ 1ರಿಂದ ಸಮಗ್ರ ಆರ್ಥಿಕ ಒಪ್ಪಂದ ಜಾರಿಯಲ್ಲಿದೆ. ಬಹಳಷ್ಟು ಸರಕಿನ ಸುಂಕ ಇಳಿದರೂ ನಾವು ಅಲ್ಲಿಂದ ತರಿಸುವುದು ಕಳಿಸುವುದಕ್ಕಿಂತ ಇಂದಿಗೂ ಬಹಳ ಹೆಚ್ಚು. ಈ ಕೊರತೆಯ ಮಾತು ನಮ್ಮ ಅಧಿಕಾರಿಗಳ ಭಾಷಣದಲ್ಲಿ ಬಂದೇ ಬರುತ್ತದೆ, ಪದ ಸಿದ್ಧವಿರಲಿ.

ಮುನಿಸಿನ ಕಾಲವೂ ಇತ್ತು. 1998ರ ಮೇ ತಿಂಗಳಲ್ಲಿ ಪೋಖ್ರಾನ್ ಪರೀಕ್ಷೆಯಾದ ಮೇಲೆ, ಅಣುಬಾಂಬಿನ ಗಾಯವಿದ್ದ ಜಪಾನ್ ಹೊಸ ಸಾಲಗಳನ್ನು ನಿಲ್ಲಿಸಿತು. 2000ದಲ್ಲಿ ಪ್ರಧಾನಿ ಮೋರಿ ಭಾರತಕ್ಕೆ ಬಂದರು, ಬೆಂಗಳೂರಿಗೂ ಬಂದರು. 2001ರಲ್ಲಿ ನಿರ್ಬಂಧ ತೆಗೆದರು. ಮಾವನ ಹುಳು ಮನೆಗೆ ತಜ್ಞರು ಬರುತ್ತಿದ್ದದ್ದು ಆ ಮುನಿಸಿನ ವರ್ಷದಲ್ಲೇ. ಅವರು ಬರುವುದನ್ನು ನಿಲ್ಲಿಸಲಿಲ್ಲ.

ನಮ್ಮ ಸೀಮೆಯ ಮೂರು ಎಳೆಗಳನ್ನು ಇದರ ಜೊತೆ ಸೇರಿಸಿಕೊಳ್ಳಿ, ಅತಿಥಿಗಳಿಗೆ ಅವು ಹೊಸವು. ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನಿಗೆ ಹೋಗಿ ನೋಡಿ ಬಂದಿದ್ದರು. ಬೆಂಗಳೂರಿನಲ್ಲಿ ಟಾಟಾ ಸಿಲ್ಕ್ ಫಾರ್ಮ್ ಎಂಬ ಬಡಾವಣೆಯ ಹೆಸರು ಜೆಮ್‌ಶೆಡ್‌ಜಿ ಟಾಟಾ ಜಪಾನಿ ಕುಶಲಿಗಳನ್ನು ಕರೆಸಿ ನಡೆಸಿದ ರೇಷ್ಮೆ ತೋಟದ್ದು. ಚನ್ನಪಟ್ಟಣದ ಬೊಂಬೆಗೆ ಹೊಸ ರೂಪ ಕೊಟ್ಟ ಬಾವಾಸ್ ಮಿಯಾನ್ ಜಪಾನಿನ ಅರಗಿನ ಕೆಲಸದಿಂದ ಕಲಿತವರು. 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಸ್ಥಾಪನೆಯಾಗಿ 1999ರ ಡಿಸೆಂಬರಿನಲ್ಲಿ ಬಿಡದಿಯಿಂದ ಕ್ವಾಲಿಸ್ ಹೊರಬರುವ ಮುಂಚೆಯೇ ನಮ್ಮ ಬೆಂಗಳೂರು-ಮೈಸೂರು ರಸ್ತೆಯಲ್ಲಿ ಜಪಾನಿನ ಹೆಜ್ಜೆ ಇತ್ತು.

ಉಡುಗೊರೆಗೆ ನಾನು ಚನ್ನಪಟ್ಟಣದ ಬೊಂಬೆಯನ್ನೇ ಕೊಡಿಸುತ್ತೇನೆ. ಅವರ ಕೊಕೆ‍ಶಿ ಬೊಂಬೆಯೂ ಮರವನ್ನು ತಿರುಗಿಸಿ ಕಡೆದದ್ದು, ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ. ಸಾಧ್ಯವಾದರೆ ಕುಶಲಕರ್ಮಿಯ ಮನೆಗೇ ಕರೆದುಕೊಂಡು ಹೋಗಿ. ತಿರುಗುವ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜುವ ಬಿಸಿಗೆ ಬಣ್ಣ ಕರಗಿ ಹಿಡಿಯುವುದು, ಆಮೇಲೆ ತಾಳೆಗರಿ ಹಿಡಿದಾಗ ಅದಕ್ಕೆ ಹೊಳಪು ಬರುವುದು, ಇದನ್ನು ಕಂಡ ಮೇಲೆ ಕಾರ್ಖಾನೆಯ ಜನ ಅಲ್ಲಿಂದ ಏಳುವುದಿಲ್ಲ. ನಾಲ್ಕರ ಗುಂಪಿನಲ್ಲಿ ಮಾತ್ರ ಏನನ್ನೂ ಕೊಡಬೇಡಿ. "ಶಿ" ಎಂದರೆ ನಾಲ್ಕು, "ಶಿ" ಎಂದರೆ ಸಾವು. ಮೂರು ಕೊಡಿ, ಐದು ಕೊಡಿ.

ನಮ್ಮ ಕಡೆಯ ಸಸ್ಯಾಹಾರಿಗಳು ಜಪಾನಿಗೆ ಹೊರಟಾಗ ಒಂದು ಮಾತು ತಪ್ಪದೆ ಹೇಳಿ: ಮಾಂಸ ಬೇಡ ಎಂದರೆ ಸಾಲದು. ಮಿಸೋ ಸಾರಿಗೆ ಆಧಾರವಾದ "ದಾಶಿ" ಎಂಬ ರಸವನ್ನು ಹೆಚ್ಚಾಗಿ ಒಣಮೀನಿನಿಂದಲೇ ತೆಗೆಯುತ್ತಾರೆ. ದಾಶಿಯೂ ಬೇಡ ಎಂಬ ವಾಕ್ಯವನ್ನು ಜಪಾನಿಯಲ್ಲಿ ಬರೆದು ಅವರ ಕೈಗೆ ಕೊಡಿ.

ಸಭೆ ಮುಗಿದ ಮೇಲೆ

ದುಭಾಷಿಯ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಪುಟದ ನಡುವೆ ಗೆರೆ ಎಳೆದು ಎಡಕ್ಕೆ ಅವರು ಹೇಳಿದ್ದು, ಬಲಕ್ಕೆ ನಾವು ಒಪ್ಪಿದ್ದು ಎಂದು ಬರೆಯಿರಿ. ಅಂಕಿ, ತಾರೀಖು, ಹೆಸರು ಈ ಮೂರರ ಕೆಳಗೆ ಅಡ್ಡಗೆರೆ. ಅಂದೇ ರಾತ್ರಿ ಎರಡೂ ಭಾಷೆಯಲ್ಲಿ ಟೈಪ್ ಮಾಡಿ ನಿಮ್ಮ ಮುಖ್ಯಸ್ಥರಿಗೆ ಕೊಡಿ, ಅವರ ಮೂಲಕ ಅತಿಥಿಗಳಿಗೆ ಹೋಗಲಿ. ಕೇಳಿದ ರಹಸ್ಯ ಮನೆಯವರಿಗೂ ಹೇಳಬಾರದು. ಬೆಲೆಯ ವಿಷಯವನ್ನು ಕಂಪನಿ ವಾಹನದಲ್ಲಿ ಮಾತನಾಡಬೇಡಿ, ಚಾಲಕರು ಬೇರೆ ಕಂಪನಿಯವರನ್ನೂ ಕರೆದೊಯ್ಯುತ್ತಾರೆ.

ಟೈಪ್ ಮಾಡುವಾಗಲೇ ನಿಮ್ಮ ತಪ್ಪು ನಿಮಗೆ ಕಾಣುವುದು. ಮಾನ್ ಎಂದದ್ದನ್ನು ಲಕ್ಷ ಎಂದಿರುತ್ತೀರಿ, ಮುಂದಿನ ಶುಕ್ರವಾರವನ್ನು ಈ ಶುಕ್ರವಾರ ಎಂದಿರುತ್ತೀರಿ. ಕಂಡರೆ ಬೆಳಗಾಗುವುದನ್ನು ಕಾಯಬೇಡಿ. ಎರಡೂ ಕಡೆಗೆ ಫೋನ್ ಮಾಡಿ. ಮೊದಲು ಕ್ಷಮೆ ಕೇಳಿ, ಆಮೇಲೆ ಸರಿಯಾದ ಅಂಕಿ ಹೇಳಿ, ಅದನ್ನು ಅವರಿಂದ ತಿರುಗಿ ಹೇಳಿಸಿ. ಕಾರಣವನ್ನು ಅವರು ಕೇಳಿದರೆ ಮಾತ್ರ ಕೊಡಿ. ಪ್ರೆಸ್ ಶಾಪಿನ ಮಾಲೀಕರಿಗೆ ಅವತ್ತು ರಾತ್ರಿಯೇ ನಾನು ಫೋನ್ ಮಾಡಿದ್ದರೆ, ಉಕ್ಕಿನ ಆರ್ಡರ್ ಹೋಗಲು ಇನ್ನೂ ಎರಡು ದಿನವಿತ್ತು.